ಎಡಕ್ಕೆ ಬಿದ್ದ ಗುಲಾಬಿ

ನಮ್ಮ ಪಕ್ಕದ ಮನೆಯ ಸಿದ್ದರಾಜುವಿಗೆ ಕಬ್ಬು ಗೊತ್ತು, ಹಸು ಗೊತ್ತು, ಡೈರಿಗೆ ಹಾಕುವ ಹಾಲಿಗೆ ಎಷ್ಟು ಫ್ಯಾಟು ಬರುತ್ತದೆಂದು ಹಸುವಿನ ಮುಖ ನೋಡಿಯೇ ಹೇಳಬಲ್ಲ. ಹೂವಿನ ಬಗ್ಗೆ ಮಾತ್ರ ಅವನಿಗೆ ಏನೂ ಗೊತ್ತಿಲ್ಲ. ಈ ಸಂಗತಿ ತೊಣ್ಣೂರು ಕೆರೆಯಿಂದ ಹಿಡಿದು ಪಾಂಡವಪುರದ ಬಸ್‌ಸ್ಟ್ಯಾಂಡಿನವರೆಗೆ ಎಲ್ಲರಿಗೂ ಗೊತ್ತಿತ್ತು, ಅವನೊಬ್ಬನನ್ನು ಬಿಟ್ಟು. ಹಾಗಾಗಿಯೇ ಮಗಳು ದಿವ್ಯಳ ವೀಳ್ಯಶಾಸ್ತ್ರದ ದಿನ, ಗಂಡಿನ ಕಡೆಯವರು ಊಟ ಮುಗಿಸಿ ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದಾಗ, ಅವನು ಎದ್ದು ನಿಂತು ಆ ಮಾತು ಆಡಿದ್ದು.

"ಊವಿನ ಇಚಾರ ನಂಗೆ ಬುಟ್ಬುಡಿ ಬೀಗ್ರೆ. ಹಾರ ಅಂದ್ರೆ ಎಂಗಿರ್ಬೇಕು ಅಂತ ನಿಮ್ಮ ಕೆ.ಆರ್. ಪೇಟೆ ತಾಲ್ಲೂಕೆಲ್ಲಾ ನಿಂತ್ಕಂಡು ನೋಡ್ಬೇಕು, ಅಂಗೆ ಮಾಡಿಸ್ತೀನಿ."

ಗಂಡಿನ ತಂದೆ ಚೌಡಯ್ಯನವರು ಗೋವಿಂದನಹಳ್ಳಿಯವರು. ಮಾತು ಕಡಿಮೆ, ಮೀಸೆ ಜಾಸ್ತಿ. ಅವರು ಅಡಿಕೆ ಅಗಿಯುತ್ತ, "ಅಂಗೇ ಆಗ್ಲಿ" ಅಂದರು. ಅಲ್ಲಿಗೇ ಮುಗಿಯಬೇಕಾಗಿದ್ದ ಮಾತು ಅದು.

ಮುಗಿಯಲಿಲ್ಲ. ಯಾಕೆಂದರೆ ಸಿದ್ದರಾಜುವಿನ ತಲೆಯಲ್ಲಿ ಗುಲಾಬಿ ಕೂತಿತ್ತು. ನಾಗಮಂಗಲದ ಯಾವುದೋ ಮದುವೆಯಲ್ಲಿ ಅವನು ಗುಲಾಬಿ ಎಸಳಿನ ಹಾರ ನೋಡಿದ್ದ. ಅದು ಮೊಳಕಾಲು ದಾಟಿ ಇಳಿದಿತ್ತಂತೆ. ಹೊತ್ತ ಮದುಮಗ ಊಟದ ಹೊತ್ತಿಗೆ ಬಗ್ಗಿಹೋಗಿದ್ದನಂತೆ. ತನ್ನ ಅಳಿಯನೂ ಹಾಗೆ ಬಗ್ಗಬೇಕು ಅಂತ ಇವನ ಆಸೆ. ಹೆಂಡತಿ ಚಂದ್ರಕಲಳ ಆಸೆ ಬೇರೆ ಇತ್ತು. ಅವಳ ಅವ್ವನ ಮದುವೆಯಲ್ಲಿ ದುಂಡುಮಲ್ಲಿಗೆ ಹಾರ, ಅವಳ ಮದುವೆಯಲ್ಲಿ ದುಂಡುಮಲ್ಲಿಗೆ ಹಾರ, ಹಿತ್ತಲಲ್ಲಿ ಅವಳೇ ನೆಟ್ಟು ಬೆಳೆಸಿದ ದುಂಡುಮಲ್ಲಿಗೆ ಗಿಡ.

"ಗುಲಾಬಿ ಎಸಳು ಧಾರೆ ಹೊತ್ಗೆ ಅರ್ಧ ಉದುರೋಯ್ತದೆ," ಅಂದಳು ಅವಳು.

"ನಿಂಗೇನು ಗೊತ್ತು ಊವು," ಅಂದ ಸಿದ್ದರಾಜು.

"ನಂಗೇನೂ ಗೊತ್ತಿಲ್ಲ. ಗೌರಿ ಹಬ್ಬಕ್ಕೆ ಊವ ತನ್ನಿ ಅಂದ್ರೆ ಟ್ರಾಕ್ಟರಿಗೆ ಕಟ್ಟೋ ಚೆಂಡೂವ ತಂದೋರು ನೀವೇ ಅಲ್ವಾ."

ದಿವ್ಯಳನ್ನು ಕೇಳಿದರೆ, "ಯಾವ್ದಾದ್ರೂ ಹಾಕ್ರಪ್ಪ, ಕುತ್ತಿಗೆ ಒಂದು ನೆಟ್ಟಗಿದ್ರೆ ಸಾಕು" ಅಂದು ಮತ್ತೆ ಫೋನು ಕಿವಿಗಿಟ್ಟುಕೊಂಡಳು. ಫೋನಿನ ಆ ಕಡೆ ಮದುಮಗ ಶಿವಶಂಕರ್ ಇದ್ದ. ಅವನಿಗೆ ಕೆ.ಆರ್. ಪೇಟೆಯಲ್ಲಿ ಬಿತ್ತನೆ ಬೀಜದ ಅಂಗಡಿ. ಅವರಿಬ್ಬರಿಗೂ ಮದುವೆಯೊಂದು ಆದರೆ ಸಾಕಾಗಿತ್ತು. ಹಾರ ಬಾಳೆನಾರಿನದಾದರೂ ನಡೆಯುತ್ತಿತ್ತು.

ಪಾಂಡವಪುರದ ಬಸ್‌ಸ್ಟ್ಯಾಂಡ್ ಹತ್ತಿರ ಹೂವಿನ ಅಶೋಕನ ಅಂಗಡಿ. ಸಿದ್ದರಾಜು ನನ್ನ ಬೈಕಿನ ಹಿಂದೆ ಕೂತು ಅಲ್ಲಿಗೆ ಹೊರಟ. ಈ ಕಥೆಯಲ್ಲಿ ನನ್ನ ಪಾತ್ರ ಇಷ್ಟೇ, ಬೈಕು ನನ್ನದು. ಅಂಗಡಿ ಮುಂದೆ ಇಳಿದವನೇ ಅವನು ಕಣ್ಣು ಅರೆಮುಚ್ಚಿ, ಮಲ್ಲಿಗೆ ಬುಟ್ಟಿಗೆ ಮೂಗು ಹಾಕಿ, ಉಸಿರು ಎಳೆದ. ಆಮೇಲೆ ಗುಲಾಬಿ ಬುಟ್ಟಿಗೂ ಮೂಗು ಹಾಕಿದ. ಅಲ್ಲಿಂದ ಸುಗಂಧರಾಜಕ್ಕೆ ಹೋಗುವಷ್ಟರಲ್ಲಿ ಅಶೋಕ್ ಕಟ್ಟುತ್ತಿದ್ದ ದಾರ ಬಿಟ್ಟು ಎದ್ದು ನಿಂತ.

"ಯಾಕಣ್ಣ ಮೂಸ್ತಾ ಇದ್ದೀಯ?"

"ಕ್ವಾಲಿಟಿ ನೋಡ್ತಾ ಇವ್ನಿ ಕಣ್ಲಾ."

"ಅದು ಗುಡಿಗೆ ಓಗೋ ಊವು ಕಣಣ್ಣ. ನೀನು ಮೂಸಿದ್ದ ನಾನು ದೇವ್ರಿಗೆ ಎಂಗ್ ಕೊಡ್ಲಿ? ಜನ ಬ್ಯಾರೆ ನೋಡ್ತಾವ್ರೆ."

ಬಸ್ಸಿಗೆ ಕಾಯುತ್ತಿದ್ದ ಹೆಂಗಸರು ನಿಜಕ್ಕೂ ನೋಡುತ್ತಿದ್ದರು. ಒಬ್ಬಾಕೆ ಮುಂದೆ ಬಂದು, "ಆಯಪ್ಪ ಮೂಗಾಕಿದ ಬುಟ್ಟೀದು ನಂಗೆ ಬ್ಯಾಡ ಕಣಪ್ಪ" ಅಂದಳು. ಅವಳ ಹಿಂದಿದ್ದವರೂ ಹೂಂ ಅಂದರು. ಕೊನೆಗೆ ಮೂಗು ತಗುಲಿದ ಹೂವೆಲ್ಲ ಸಿದ್ದರಾಜುವಿನ ಚೀಲಕ್ಕೇ ಬಿತ್ತು. ಹೊರಡುವಾಗ ಅಶೋಕ್ ಕೈ ಮುಗಿದು ಹೇಳಿದ: "ಮಲ್ಗೇನೋ ಗುಲಾಬಿನೋ ಮನೇಲಿ ಒಂದು ಮಾತು ಮಾಡ್ಕಂಡು ಬಾರಣ್ಣ. ಲಗ್ನದ ಕಾಲ, ಇನ್ನೆಲ್ಡು ವಾರದಲ್ಲಿ ಯೋಳ್ಲಿಲ್ಲ ಅಂದ್ರೆ ನನ್ನ ಕೈಲಾಗಲ್ಲ. ಬರೋವಾಗ ಮೂಗ ಮನೇಲಿಟ್ಟು ಬಾ."

ಚಂದ್ರಕಲ ಚೀಲ ತೆಗೆದು ನೋಡಿದಳು. ಕೊಟ್ಟಿಗೆಗೆ ಹೋಗಿ ಹಸುವಿನ ಮುಂದೆ ಸುರಿದಳು. ಹಸು ಮಲ್ಲಿಗೆಯನ್ನೆಲ್ಲ ತಿಂದು, ಗುಲಾಬಿಯನ್ನು ಮೂತಿಯಿಂದ ಪಕ್ಕಕ್ಕೆ ತಳ್ಳಿತು.

"ನೋಡುದ್ರಾ," ಅಂದಳು.

ಹಸು ಹೇಳಿದ್ದಕ್ಕೆಲ್ಲ ತಲೆ ಬಾಗುವ ಗಂಡಸಲ್ಲ ಸಿದ್ದರಾಜು. "ನಿನ್ನ ಮಾತೂ ಬ್ಯಾಡ, ಹಸಿನ ಮಾತೂ ಬ್ಯಾಡ. ನಾನು ಅಮ್ಮನ್ನೇ ಕೇಳ್ತೀನಿ" ಅಂದು ಟವಲು ಕೊಡವಿ ಹೆಗಲಿಗೆ ಹಾಕಿಕೊಂಡ.

ಅಮ್ಮ ಅಂದರೆ ನಮ್ಮೂರ ಏರಿಯಮ್ಮ. ಕೆರೆ ಏರಿಯ ಮೇಲೆ ಅವಳ ಗುಡಿ. ನಮ್ಮ ಕಡೆ ಹೆಣ್ಣು ಕೊಡುವ ಮುಂಚೆ, ತರುವ ಮುಂಚೆ, ಅವಳ ಹತ್ತಿರ ಹೂವು ಕೇಳುತ್ತೇವೆ. ಪೂಜಾರಿ ಅಮ್ಮನ ಎರಡು ಭುಜಕ್ಕೂ ನೀರಲ್ಲಿ ಅದ್ದಿದ ಹೂವು ಅಂಟಿಸುತ್ತಾನೆ. ಅಮ್ಮನ ಬಲಗಡೆಯ ಹೂವು ಬಿದ್ದರೆ ಸಂಬಂಧ ಆಗಲಿ ಅಂತ, ಎಡಗಡೆಯದು ಬಿದ್ದರೆ ಬೇಡ ಅಂತ. ದಿವ್ಯಳ ಸಂಬಂಧಕ್ಕೂ ಹೀಗೇ ಕೇಳಿ, ಬಲಕ್ಕೆ ಬಿದ್ದ ಮೇಲೆಯೇ ವೀಳ್ಯವಾಗಿತ್ತು. ಆ ಸಂತೋಷಕ್ಕೆ ಸಿದ್ದರಾಜು ಗುಡಿಗೆ ಒಂದು ಗೋಡೆ ಫ್ಯಾನು ಕೊಟ್ಟಿದ್ದ.

ಆ ಫ್ಯಾನಿನ ಬಗ್ಗೆ ಎರಡು ಮಾತು ಹೇಳಲೇಬೇಕು. ಗರ್ಭಗುಡಿಯ ಬಾಗಿಲ ಪಕ್ಕ, ಅಮ್ಮನ ಬಲಗಡೆಗೆ, ಅದನ್ನು ಮೊಳೆಗೆ ನೇತುಹಾಕಿತ್ತು. ಕೆಳಗೆ ಗೋಡೆಯ ಮೇಲೆ 'ದಾನಿಗಳು: ಸಿದ್ದರಾಜು' ಎಂದು ಕೆಂಪು ಬಣ್ಣದಲ್ಲಿ ಬರೆಸಿದ್ದ. ಅಕ್ಷರ ಎಷ್ಟು ದೊಡ್ಡವು ಅಂದರೆ ರಸ್ತೆಯಲ್ಲಿ ಹೋಗುವವರಿಗೆ ಅಮ್ಮ ಕಾಣುವ ಮುಂಚೆ ಸಿದ್ದರಾಜು ಕಾಣುತ್ತಿದ್ದ. ಕರೆಂಟಿನವನು ಸ್ವಿಚ್ಚು ಎಲ್ಲಿ ಹಾಕಲಿ ಅಂತ ಕೇಳಿದ್ದಕ್ಕೆ, "ಸ್ವಿಚ್ಚಿದ್ರೆ ಯಾವನಾದ್ರೂ ಆರಿಸ್ತಾನೆ, ನನ್ನ ಫ್ಯಾನು ನಿಲ್ಲಬಾರ್ದು" ಅಂದು ನೇರವಾಗಿ ಲೈನು ಕೊಡಿಸಿದ್ದ. ಕರೆಂಟು ಇದ್ದಷ್ಟು ಹೊತ್ತೂ ಅದು ತಿರುಗುತ್ತಿತ್ತು.

ಮಂಗಳವಾರ ಬೆಳಗ್ಗೆ ಪೂಜಾರಿ ಮಂಚಯ್ಯ ಇವನ ಪ್ರಶ್ನೆ ಕೇಳಿ ಬೆಚ್ಚಿದ. "ಸಿದ್ದರಾಜಣ್ಣ, ಅಮ್ಮನ್ನ ಇಂಗೆಲ್ಲಾ ಕೇಳಂಗಿಲ್ಲ. ಆಯ್ತದಾ, ಆಗಲ್ವಾ, ಅಷ್ಟೇಯ. ಹಾರ ಯಾವ್ದು ಅಂತ ಕೇಳಿದ್ರೆ ನಾಳೆ ಸೀರೆ ಯಾವ್ದು ಅಂತಲೂ ಕೇಳ್ತೀರಿ."

"ನೀನು ಅಂಟ್ಸು ಕಣ್ಲಾ. ಬಲಕ್ಕೆ ಮಲ್ಗೆ, ಎಡಕ್ಕೆ ಗುಲಾಬಿ. ಯಾವ್ದು ಬೀಳ್ತದೋ ಅದೇ ಹಾರ."

ಮಂಚಯ್ಯ ಗೊಣಗುತ್ತಲೇ ಅಂಟಿಸಿದ. ಸಿದ್ದರಾಜು ಕೈ ಮುಗಿದು ಕಣ್ಣು ಮುಚ್ಚಿದ. ಮುಚ್ಚಿದ ಕಣ್ಣು ತೆರೆಯುವಷ್ಟೂ ಪುರುಸೊತ್ತು ಕೊಡದೆ ಎಡಗಡೆಯ ಗುಲಾಬಿ ಪಟಕ್ಕನೆ ಬಿತ್ತು. ಸಿದ್ದರಾಜು ಎರಡು ಕೈಯಿಂದಲೂ ಕೆನ್ನೆ ಬಡಿದುಕೊಂಡು, ಬಾಯಿ ತುಂಬ ನಗುತ್ತ, "ನನ್ನ ಮಾನ ಉಳಿಸ್ದೆ ಕಣವ್ವ" ಅಂದು ಆಚೆ ಬಂದ.

ಅದೇ ಹೊತ್ತಿಗೆ ಹಾಲಿನ ವ್ಯಾನಿನ ಡ್ರೈವರ್ ಮಹದೇವಸ್ವಾಮಿ ಕೈ ಮುಗಿಯಲು ಬಂದು ಬಾಗಿಲ ಹತ್ತಿರ, ಅಮ್ಮನ ಎಡಗಡೆಗೆ ನಿಂತಿದ್ದ. ಊದುಬತ್ತಿ ಹೊಗೆಯೆಲ್ಲ ಅವನ ಕಣ್ಣಿಗೇ ನುಗ್ಗಿ ನೀರು ಬರುತ್ತಿತ್ತು. ಆ ನೀರಿನ ನಡುವೆಯೂ ಅವನು ನೋಡಬೇಕಾದ್ದನ್ನು ನೋಡಿದ. ಅವನ ತಂಗಿಯನ್ನು ಕೊಟ್ಟಿರುವುದು ಗೋವಿಂದನಹಳ್ಳಿಗೆ.

ಮಧ್ಯಾಹ್ನದ ಹೊತ್ತಿಗೆ ಗೋವಿಂದನಹಳ್ಳಿಯಲ್ಲಿ ಸುದ್ದಿ ಹೀಗಿತ್ತು: ಹೆಣ್ಣಿನ ಅಪ್ಪ ವೀಳ್ಯ ಆದ ಮೇಲೂ ಅನುಮಾನಪಟ್ಟು ಇನ್ನೊಂದು ಸಲ ಅಮ್ಮನ ಹತ್ತಿರ ಹೂವು ಕೇಳಿದ, ಎಡಕ್ಕೆ ಬಿತ್ತು, ಆಯಪ್ಪ ನಗುತ್ತ ಆಚೆ ಬಂದ. ಇದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ, ಅನುಮಾನ ಒಂದನ್ನು ಬಿಟ್ಟರೆ.

ಸಂಜೆ ಚೌಡಯ್ಯನವರ ಫೋನು ಬಂತು. ಸಿದ್ದರಾಜು ಊರಿಗೆಲ್ಲ ಕೇಳಲಿ ಅಂತ ಸ್ಪೀಕರ್ ಹಾಕಿದ.

"ಅಮ್ಮನ್ನ ಕೇಳುದ್ರಂತೆ," ಅಂದರು ಚೌಡಯ್ಯ.

"ಕೇಳ್ದೆ ಬೀಗ್ರೆ. ಎಡಕ್ಕೆ ಬಿತ್ತು."

"ಎಡಕ್ಕೆ."

"ಎಡಕ್ಕೇಯ. ಇಟ್ಟಿದ್ದೇ ತಡ ಬಿತ್ತು. ನಂಗಂತೂ ಎಂಥ ಸಂತೋಸ ಆಯ್ತು ಅಂತೀರಿ."

"ಸಂತೋಸ ಆಯ್ತಾ."

"ಮೊದ್ಲಿಂದ್ಲೂ ನನ್ನ ಮನಸಲ್ಲಿ ಇದ್ದದ್ದು ಅದೇಯ. ನಮ್ಮ ಮನೆಯೋಳಿಗೆ ವಸಿ ಬ್ಯಾಸರ ಆಗದೆ. ಸರಿಹೋಯ್ತಾಳೆ ಬುಡಿ."

"ಮಗಳಿಗೆ?"

"ಅವ್ಳಿಗೇನು ಬೀಗ್ರೆ. ಇದಲ್ದಿದ್ರೆ ಅದು, ಯಾವ್ದಾದ್ರೂ ಆಯ್ತದೆ ಅಂದವ್ಳೆ."

ಫೋನು ಕಟ್ಟಾಯಿತು. ಸಿದ್ದರಾಜು ನನ್ನ ಕಡೆ ತಿರುಗಿ, "ಎಂಥ ದೊಡ್ ಮನ್ಸ ನೋಡು. ಒಂದು ಮಾತೂ ಎದುರಾಡ್ಲಿಲ್ಲ" ಅಂದ. ಚಂದ್ರಕಲ ತಲೆಯ ಮೇಲೆ ಕೈ ಹೊತ್ತು ಕೂತಳು. ಅವಳಿಗೆ ಅರ್ಥವಾಗಿತ್ತು.

ಸ್ವಲ್ಪ ಹೊತ್ತಿಗೆ ದಿವ್ಯ ಶಿವಶಂಕರನ ಜೊತೆ ಮಾತಾಡಿ ಫೋನಿಟ್ಟು ಒಳಗಿನಿಂದ ಬಂದಳು. ಅತ್ತಿದ್ದಳು, ಮುಖ ತೊಳೆದುಕೊಂಡೇ ಬಂದಿದ್ದಳು. "ಅಪ್ಪ, ನಾಳೆ ಅವ್ರಪ್ಪ ವೀಳ್ಯ ವಾಪಸ್ ಕಳಿಸ್ತಾರಂತೆ. ಅವ್ರು ಊಟ ಮಾಡ್ದೆ ಕೂತವ್ರಂತೆ. ನಾನು ಮದ್ವೆ ಆದ್ರೆ ಅವ್ರನ್ನೇ, ಇಲ್ಲ ಅಂದ್ರೆ ಹಿಂಗೇ ಇರ್ತೀನಿ. ಕೆಡಿಸ್ದೋನು ನೀನು, ನೀನೇ ಸರಿ ಮಾಡು." ಅಷ್ಟು ಹೇಳಿ ಒಳಗೆ ಹೋದಳು.

ಸಿದ್ದರಾಜುವಿನ ಮುಖದ ಬಣ್ಣ ಇಳಿದುಹೋಯಿತು. ಎತ್ತಿ ಆಡಿಸಿದ ಮಗಳ ಮದುವೆಯನ್ನು ಒಂದು ಗುಲಾಬಿಗೋಸ್ಕರ ತಾನೇ ಬೀಳಿಸಿದೆ ಅನ್ನುವುದು ಅವನಿಗೆ ನಿಧಾನವಾಗಿ ಹೊಳೆಯಿತು. ಎಷ್ಟೇ ಗೇಲಿ ಮಾಡಿದರೂ ನನ್ನ ಸ್ನೇಹಿತ ಅವನು, ನೋಡಿ ನನಗೂ ಸಂಕಟವಾಯಿತು. ಆದರೆ ಕೂತು ಕೊರಗುವುದು ಅವನ ಜಾಯಮಾನದಲ್ಲೇ ಇಲ್ಲ. "ಬೈಕ್ ತೆಗಿ," ಅಂದ.

ಗೋವಿಂದನಹಳ್ಳಿಯಲ್ಲಿ ಜಗಲಿಯ ಮೇಲೆ ಚಾಪೆ ಹಾಸಲಿಲ್ಲ, ನೀರು ಕೇಳಲಿಲ್ಲ. ಚೌಡಯ್ಯನವರ ತಾಯಿ ಚಿಕ್ಕಬೋರಮ್ಮ ಮೂಲೆಯಲ್ಲಿ ಕೂತು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದರು. ಬೀದಿಯವರೆಲ್ಲ ಯಾವುದೋ ಕೆಲಸವಿದ್ದವರಂತೆ ಬಂದು ಸುತ್ತ ನಿಂತರು. ಬಾಗಿಲ ಸಂದಿಯಲ್ಲಿ ಶಿವಶಂಕರನ ಅರ್ಧ ಮುಖ ಕಾಣುತ್ತಿತ್ತು.

"ನಾನು ಸಂಬಂಧ ಕೇಳ್ಲಿಲ್ಲ ಬೀಗ್ರೆ. ಹಾರ ಕೇಳ್ದೆ," ಅಂದ ಸಿದ್ದರಾಜು.

"ಹಾರ," ಅಂದರು ಚೌಡಯ್ಯ.

"ಮಲ್ಗೆನೋ ಗುಲಾಬಿನೋ ಅಂತ."

ಸುತ್ತ ನಿಂತವರು ಮುಖ ಮುಖ ನೋಡಿಕೊಂಡರು. ಒಬ್ಬ ಹಿರಿಯ, "ಮಳೆ ಕೇಳೋದ ಕಂಡಿವ್ನಿ, ಕಳುವಾದ ಎತ್ತು ಕೇಳೋದ ಕಂಡಿವ್ನಿ. ಹಾರ ಕೇಳಿದೋರ ಕಂಡಿಲ್ಲ" ಅಂದ. ಇನ್ನೊಬ್ಬ, "ಸುಳ್ಳಾದ್ರೂ ವಸಿ ನಂಬೋ ಅಂಗೆ ಯೋಳ್ಬೇಕಪ್ಪ" ಅಂದ. ಸತ್ಯ ಹೇಳಿದಷ್ಟೂ ಸಿದ್ದರಾಜು ಸುಳ್ಳನಾಗುತ್ತ ಹೋದ. ಹಸು ಮಲ್ಲಿಗೆ ತಿಂದಿದ್ದನ್ನು ಸಾಕ್ಷಿಗೆ ಹೇಳಹೊರಟಾಗ ನಾನೇ ಅವನ ತೊಡೆ ಚಿವುಟಿದೆ.

ಆಗ ಚಿಕ್ಕಬೋರಮ್ಮ ಕೈಯ ಹುಣಸೆಹಣ್ಣು ಕೆಳಗಿಟ್ಟರು. "ಬರೋ ಮಂಗಳವಾರ ನಾವೇ ಬತ್ತೀವಿ ಕಣಪ್ಪ. ನಮ್ಮ ಕಣ್ಮುಂದೆ ಕೇಳು. ಬಲಕ್ಕೆ ಬಿದ್ರೆ ಮದ್ವೆ. ಎಡಕ್ಕೆ ಬಿದ್ರೆ ನಿಮ್ಮ ದಾರಿ ನಿಮ್ಗೆ, ನಮ್ಮ ದಾರಿ ನಮ್ಗೆ."

"ಕೇಳ್ತೀನಿ," ಅಂದ ಸಿದ್ದರಾಜು. "ಬಲಕ್ಕೇ ಬೀಳ್ತದೆ. ಬೀಳೋವರ್ಗೂ ನಾನು ಗುಡಿಯಿಂದ ಏಳಲ್ಲ."

ಆ ವಾರವೆಲ್ಲ ಅವನು ತಣ್ಣೀರು ಸ್ನಾನ ಮಾಡಿದ, ಒಪ್ಪತ್ತು ಊಟ ಮಾಡಿದ, ಗುಡಿಯ ಮೆಟ್ಟಿಲು ತೊಳೆದ. ಮಂಚಯ್ಯನಿಗೆ ಬಲಗಡೆಯ ಹೂವಿಗೆ ನೀರು ವಸಿ ಕಮ್ಮಿ ಹಾಕು ಅಂತ ಹೇಳಲು ಹೋಗಿ ಬೈಸಿಕೊಂಡ. ಚಂದ್ರಕಲ ಒಂದೇ ಮಾತು ಹೇಳಿದಳು: "ಈ ಸಲ ಊವ ನಾನು ತತ್ತೀನಿ. ನೀವು ಮುಟ್ಬ್ಯಾಡಿ. ಮೂಸಲೂಬ್ಯಾಡಿ."

ಮಂಗಳವಾರ ಬೀಗರು ಟೆಂಪೋ ಮಾಡಿಕೊಂಡು ಬಂದರು. ಗುಡಿ ತುಂಬಿತು. ಅಮ್ಮನ ಬಲಗಡೆಗೆ ಬೀಗರು, ಅವರ ಹಿಂದೆ ಊರು. ಎಡಗಡೆ ಕಂಬದ ಹತ್ತಿರ ಮಾತ್ರ ಯಾರೂ ನಿಲ್ಲಲಿಲ್ಲ. ಆ ಕಡೆ ನಿಂತರೆ ಎಡಕ್ಕೆ ಎಳೆದಂತಾಗುತ್ತದೆ ಅಂತ ಎಲ್ಲರಿಗೂ ಭಯ. ಕರೆಂಟು ಬೆಳಗ್ಗೆಯೇ ಹೋಗಿತ್ತು. ಮಂಚಯ್ಯ ಬೆವರು ಒರೆಸಿಕೊಂಡು ಎರಡು ಭುಜಕ್ಕೂ ಹೂವು ಅಂಟಿಸಿದ. "ಈ ಸಂಬಂಧ ಆಗೋದಾದ್ರೆ ಬಲಗಡೆ ಕೊಡವ್ವ" ಅಂದ.

ಎಲ್ಲರೂ ನೋಡಿದರು. ಅಮ್ಮ ಕೊಡಲಿಲ್ಲ.

ಮಂಗಳಾರತಿ ಎತ್ತಿದರು, ಕೊಡಲಿಲ್ಲ. ಕಾಯಿ ಒಡೆದರು, ಕೊಡಲಿಲ್ಲ. ದಿವ್ಯ ಒಂದು ಕಂಬಕ್ಕೆ ಒರಗಿ ಹೂವನ್ನೇ ನೋಡುತ್ತಿದ್ದಳು, ಶಿವಶಂಕರ್ ಇನ್ನೊಂದು ಕಂಬಕ್ಕೆ ಒರಗಿ ದಿವ್ಯಳನ್ನು ನೋಡುತ್ತಿದ್ದ. ಬೀಗರ ಕಡೆಯ ಒಬ್ಬಾಕೆ, "ಅಮ್ಮಂಗೆ ಮನಸಿಲ್ಲ ಕಣ್ರಿ" ಅಂದಳು. ಚೌಡಯ್ಯ ಪಂಚೆ ಸರಿಮಾಡಿಕೊಂಡು ಏಳುವ ಹಾಗೆ ಮಾಡಿದರು.

ಸಿದ್ದರಾಜು ಮಾತ್ರ ಮಂಡಿಯೂರಿ ಕೂತೇ ಇದ್ದ. ಕೂತವನು ಊದುಬತ್ತಿಯ ಹೊಗೆ ನೋಡಿದ. ಹೊಗೆ ನೆಟ್ಟಗೆ ಮೇಲೆ ಹೋಗುತ್ತಿತ್ತು. ಹೋದ ವಾರ ಅದು ಹೀಗೆ ಹೋಗಿರಲಿಲ್ಲ, ಸೀದಾ ಮಹದೇವಸ್ವಾಮಿಯ ಕಣ್ಣಿಗೆ ನುಗ್ಗಿತ್ತು. ಸಿದ್ದರಾಜು ಹೊಗೆಯಿಂದ ಕಣ್ಣು ತೆಗೆದು ಗೋಡೆ ನೋಡಿದ. ಗೋಡೆಯ ಮೇಲೆ ಅವನ ಹೆಸರಿತ್ತು. ಹೆಸರಿನ ಮೇಲೆ ಅವನ ಫ್ಯಾನು, ಅಮ್ಮನ ಬಲಗಡೆಯಿಂದ ಎಡ ಭುಜಕ್ಕೆ ಸರಿಯಾಗಿ ಗುರಿಯಿಟ್ಟು ನಿಂತಿತ್ತು.

"ಲೇ ಮಂಚಯ್ಯ," ಅಂದ. "ಕರೆಂಟು ಯಾವಾಗ ಬತ್ತದೆ?"

"ಈಗ ಬರೋ ಹೊತ್ತು ಕಣಣ್ಣ. ಬಂದ್ರೆ ನಿನ್ನ ಫ್ಯಾನು ತಿರುಗ್ತದೆ, ವಸಿ ತಣ್ಣಗಾಯ್ತದೆ."

ಸಿದ್ದರಾಜು ಎದ್ದ. ಬೀಗರ ಮೇಲೆ ಕಾಲಿಟ್ಟುಕೊಂಡು ಗೋಡೆಗೆ ನುಗ್ಗಿದ. ಸ್ವಿಚ್ಚಿಗೆ ತಡಕಾಡಿದ, ಸ್ವಿಚ್ಚು ಬೇಡ ಅಂದವನು ಅವನೇ. ವೈರಿಗೆ ಕೈ ಹಾಕಿದ. "ಅಪ್ಪ, ವೈರು ಮುಟ್ಬ್ಯಾಡ" ಅಂತ ದಿವ್ಯ ಕೂಗಿದಳು. ಕೊನೆಗೆ ಅವನು ಎಣ್ಣೆ ಡಬ್ಬದ ಮೇಲೆ ಹತ್ತಿ ಫ್ಯಾನನ್ನೇ ಮೊಳೆಯಿಂದ ಎತ್ತಿಕೊಂಡುಬಿಟ್ಟ. ವೈರು ಉದ್ದಕ್ಕೆ ಬಿಟ್ಟಿದ್ದರು, ಅದು ಬಾಲದ ಹಾಗೆ ಹಿಂದೆ ಬಂತು.

"ತಲೆ ಕೆಟ್ಟದೆ," ಅಂದರು ಚೌಡಯ್ಯ. "ಕೊಟ್ಟ ಫ್ಯಾನ ವಾಪಸ್ ತಗತಾವ್ನೆ," ಅಂದಿತು ಊರು.

ಬಲಗಡೆ ಕಾಲಿಡಲು ಜಾಗವಿರಲಿಲ್ಲ. ಖಾಲಿ ಇದ್ದದ್ದು ಎಡಗಡೆಯ ಕಂಬದ ಹತ್ತಿರ. ಸಿದ್ದರಾಜು ಕೂಸು ಎತ್ತಿಕೊಂಡವನ ಹಾಗೆ ಫ್ಯಾನು ಅಪ್ಪಿಕೊಂಡು ಅಲ್ಲಿಗೆ ಹೋಗಿ, ಅಮ್ಮನ ಕಡೆ ತಿರುಗಿ ನಿಂತ. "ತೆಪ್ಪಾಯ್ತು ಕಣವ್ವ," ಅಂದ. "ಹೆಸರಿನಾಸೆಗೆ ನಾನು ಮಾಡಿದ್ದು. ನನ್ನ ಮಗಳ ಮ್ಯಾಲೆ ಹಾಕ್ಬ್ಯಾಡ."

ಆಗ ಕರೆಂಟು ಬಂತು. ಅವನ ತೋಳಿನಲ್ಲಿ ಫ್ಯಾನು ಗುರ್ರೆಂದು ಎದ್ದಿತು, ಅವನ ಟವಲು ಹಾರಿತು, ದೀಪ ಬಗ್ಗಿತು, ಮತ್ತು ಅಮ್ಮನ ಬಲ ಭುಜದ ಹೂವು ಎಲ್ಲರ ಕಣ್ಣೆದುರಿಗೆ ಮಂಚಯ್ಯನ ಅಂಗೈಗೆ ಬಂದು ಬಿತ್ತು.

ಗುಡಿ ಒಂದೇ ಬಾಯಲ್ಲಿ ಅಮ್ಮನ ಹೆಸರು ಕೂಗಿತು. ಮಂಚಯ್ಯ ಗಂಟೆ ಬಾರಿಸಿದ. ಶಿವಶಂಕರ್ ಕಂಬ ಬಿಟ್ಟು ದಿವ್ಯಳ ಕಂಬದ ಹತ್ತಿರ ಬಂದೇಬಿಟ್ಟಿದ್ದ. ಚೌಡಯ್ಯನವರ ಮೀಸೆಯ ಕೆಳಗೆ ಮೊದಲ ಸಲ ಹಲ್ಲು ಕಾಣಿಸಿತು. ಸಿದ್ದರಾಜು ಒಬ್ಬನೇ ಬೆವರುತ್ತ ನಿಂತಿದ್ದ. ಸುಮ್ಮನಿದ್ದಿದ್ದರೆ ಮುಗಿಯುತ್ತಿತ್ತು. ಅವನು ಫ್ಯಾನು ಹಿಡಿದುಕೊಂಡೇ ಚಿಕ್ಕಬೋರಮ್ಮನವರ ಮುಂದೆ ಬಂದು ನಿಂತ.

"ಅವ್ವ, ನಿಜ ಯೋಳ್ಬುಡ್ತೀನಿ. ಬಿದ್ದದ್ದು ಫ್ಯಾನ್ ಗಾಳಿಗೆ. ಹೋದ ವಾರ ಎಡಕ್ಕೆ ಬಿದ್ದದ್ದೂ ಅದಕ್ಕೇಯ."

ಚಿಕ್ಕಬೋರಮ್ಮ ಫ್ಯಾನು ನೋಡಿದರು, ಗೋಡೆಯ ಮೇಲಿನ ಹೆಸರು ನೋಡಿದರು, ಸಿದ್ದರಾಜುವಿನ ಮುಖ ನೋಡಿದರು.

"ಫ್ಯಾನು ನಿಂದು ಕಣಪ್ಪ," ಅಂದರು. "ಗಾಳಿ ಅಮ್ಮಂದು."

ಮಂಚಯ್ಯನ ಕೈಯಿಂದ ಆ ಹೂವು ತೆಗೆದುಕೊಂಡು ಅವರೇ ಹೋಗಿ ದಿವ್ಯಳ ಜಡೆಗೆ ಮುಡಿಸಿದರು. ಮಗ ಚೌಡಯ್ಯನ ಕಡೆ ತಿರುಗಿ, "ಇನ್ನು ಇದರ ಮಾತು ಎತ್ತಿದೋರು ನನ್ನ ಹತ್ರ ಬರ್ಲಿ" ಅಂದರು. ಯಾರೂ ಹೋಗಲಿಲ್ಲ.

ಬೀಗರು ಊಟಕ್ಕೆ ಹೊರಟ ಮೇಲೆ ಸಿದ್ದರಾಜುವಿಗೆ ಏನೋ ಹೊಳೆಯಿತು. ಬಲಗಡೆಯಿಂದ ಬಿದ್ದದ್ದು ದುಂಡುಮಲ್ಲಿಗೆ. ಬಗ್ಗಿ ನೋಡಿದ. ಎಡ ಭುಜದಲ್ಲಿ ಇನ್ನೂ ಅಂಟಿಕೊಂಡಿದ್ದದ್ದೂ ದುಂಡುಮಲ್ಲಿಗೆ.

"ಎಲ್ಡು ಕಡೆಗೂ ಮಲ್ಗೆನೇ ತಂದಿದ್ದಾ ನೀನು?" ಅಂದ ಹೆಂಡತಿಗೆ.

"ಮಗಳ ಮದ್ವೆ ಅಮ್ಮನ ಕೈಲಿ ಬುಟ್ಟಿದ್ದೆ," ಅಂದಳು ಚಂದ್ರಕಲ. "ಹಾರ ಬುಟ್ಟಿರ್ಲಿಲ್ಲ."

ಮದುವೆ ಪಾಂಡವಪುರದ ಛತ್ರದಲ್ಲಿ ಆಯಿತು. ಹಾರ ದುಂಡುಮಲ್ಲಿಗೆಯದೇ. ಆದರೆ ಎರಡೂ ಹಾರದ ತುದಿಯ ಕುಚ್ಚಿನಲ್ಲಿ ಒಂದೊಂದು ಕೆಂಪು ಗುಲಾಬಿ ಇತ್ತು. ಅದನ್ನು ಕಟ್ಟಲು ಅಶೋಕನಿಗೆ ಹೇಳಿದವಳು ಚಂದ್ರಕಲ. ಸಿದ್ದರಾಜು ಬಾಗಿಲಲ್ಲಿ ನಿಂತು ಬಂದವರಿಗೆಲ್ಲ ಆ ಗುಲಾಬಿಯನ್ನೇ ತೋರಿಸಿ, "ಊವಿನ ಸೆಲೆಕ್ಷನ್ ನಂದೇಯ" ಅನ್ನುತ್ತಿದ್ದ.

ಧಾರೆಯ ಹೊತ್ತು ಬಂದಾಗ ಅವನು ಯಾರಿಗೂ ಹೇಳದೆ ಹೋಗಿ ಛತ್ರದ ಫ್ಯಾನುಗಳನ್ನೆಲ್ಲ ಆರಿಸಿ, ಸ್ವಿಚ್ ಬೋರ್ಡಿಗೆ ಬೆನ್ನು ಕೊಟ್ಟು ನಿಂತುಬಿಟ್ಟ. ಎರಡೂ ಕಡೆಯ ನೆಂಟರು ಬೆವರು ಒರೆಸಿಕೊಳ್ಳುತ್ತ, ಬೈದುಕೊಳ್ಳುತ್ತ, ಅಕ್ಷತೆ ಹಾಕಿದರು. ಒಂದು ಕಾಳೂ ಅತ್ತಿತ್ತ ಹೋಗಲಿಲ್ಲ.